ಗ್ರೀಕ್ ಮನೆಯ ಆರು, ಲ್ಯಾಟಿನ್ ಮನೆಯ ಹತ್ತು

ಸಂಯುಕ್ತಾಳ ಅತ್ತೆ ವಾಜಿದಾ ಬೇಗಂ ಹುಬ್ಬಳ್ಳಿಯಲ್ಲಿ ಲೆಕ್ಕದ ಟೀಚರಾಗಿದ್ದವರು. ಡಾಕ್ಟರ್ ಮಗ ಜುಬೈರ್ ಮೈಸೂರಿನ ಹಿಂದೂ ಹುಡುಗಿಯ ಕೈ ಹಿಡಿದದ್ದೇ ತಡ, ಮಾತು ಬಿಟ್ಟಿದ್ದರು. 2001ರ ಬೇಸಿಗೆಯಲ್ಲಿ ಮೊಮ್ಮಗಳ ಮೇಲಿನ ಆಸೆಗೆ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ಗೆ ಬಂದರೇನೋ ನಿಜ, ಸೊಸೆಯನ್ನು ಮಾತ್ರ ಸೊಸೆ ಅನ್ನಲಿಲ್ಲ. ಊರಿನವರು ಫೋನ್ ಮಾಡಿದರೆ "ಆ ಮೈಸೂರಾಕಿ" ಅನ್ನುತ್ತಿದ್ದರು. ಸಂಯುಕ್ತಾಗೆ ಬೇಕಿದ್ದದ್ದು ಸೊಸೆ ಅನ್ನುವ ಆ ಒಂದು ಪದ. ಆದರೆ ಕೇಳಿ ಪಡೆಯುವ ಜಾಯಮಾನ ಅವಳದಲ್ಲ.

ಲೀಡ್ಸ್‌ನಲ್ಲಿ ಪ್ರೋಗ್ರಾಮರ್ ಆಗಿದ್ದ ಅವಳು, ಕೆಲಸ ಹುಡುಕುತ್ತಿದ್ದ ಕನ್ನಡದ ಹೆಂಗಸರಿಗೆ ಶನಿವಾರ ಲೈಬ್ರರಿಯಲ್ಲಿ ಪುಕ್ಕಟೆ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಒಂದು ಶನಿವಾರ ಜುಬೈರನ ಆಸ್ಪತ್ರೆಯ ಡ್ಯೂಟಿ ಸರದಿ ಕೈಕೊಟ್ಟು, ಗೊತ್ತಿಲ್ಲದ ಊರಿನಲ್ಲಿ ಇಬ್ಬರನ್ನೇ ಬಿಡಲಾಗದೆ ಮಗುವಿನೊಂದಿಗೆ ಅತ್ತೆಯೂ ಜೊತೆಗೆ ಹೊರಡಬೇಕಾಯಿತು. ಶಾಲಾ ಇನ್‌ಸ್ಪೆಕ್ಟರರ ಗತ್ತಿನಲ್ಲಿ, ಮಗು ಮಲಗಿದ್ದ ತಳ್ಳುಗಾಡಿಯನ್ನು ಪಕ್ಕಕ್ಕಿಟ್ಟುಕೊಂಡು, ಹಿಂದಿನ ಸಾಲಿನಲ್ಲಿ ಕೂತರು.

ಸಂಯುಕ್ತಾ ಬೋರ್ಡಿನ ಮೇಲೆ 'ಹೆಕ್ಸಾಡೆಸಿಮಲ್' ಎಂದು ಬರೆದಳು. "ಇದು ಕಂಪ್ಯೂಟರಿನ ಹದಿನಾರರ ಲೆಕ್ಕ. ಒಂಬತ್ತರವರೆಗೆ ಅಂಕಿ, ಆಮೇಲೆ ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ, ಹೀಗೇ ಹದಿನೈದರವರೆಗೆ. ಅಂಕಿ ಸಾಲದಿದ್ದಾಗ ಅಕ್ಷರದ ಸಾಲ!"

ಎಲ್ಲರೂ ನಕ್ಕರು, ಅತ್ತೆಯೊಬ್ಬರನ್ನು ಬಿಟ್ಟು. "ಹೆಸರಿನ ಅರ್ಥ ಹೇಳಲೇ ಇಲ್ಲಲ್ಲ?"

"ಹೆಕ್ಸಾ ಅಂದ್ರೆ ಆರು, ಗ್ರೀಕ್ ಮಾತು ಅಮ್ಮೀ. ಡೆಸಿಮಲ್ ಒಳಗಿರೋದು ಲ್ಯಾಟಿನ್ನಿನ ಹತ್ತು."

"ಅಂದ್ರ ತಲಿ ಒಂದು ಮನೀದು, ಕಾಲು ಇನ್ನೊಂದು ಮನೀದು. ಇದೆಂಥಾ ಪದಾನೋ!"

ಮುಂದಿನ ಸಾಲಿನ ಚಂದ್ರಪ್ರಭಾ ಕಿಟಕಿಯಾಚೆಯ ಬಸ್ಸುಗಳಲ್ಲಿ ಅತೀವ ಆಸಕ್ತಿ ತಳೆದಳು.

ಸಂಯುಕ್ತಾ ತಲೆ ತಗ್ಗಿಸಲಿಲ್ಲ. "ಪಂಡಿತರೂ ಹೀಗೇ ಮೂಗು ಮುರಿದ್ರು. ಸೆಡೆಸಿಮಲ್ ಅಂತ ಶುದ್ಧ ಲ್ಯಾಟಿನ್ ಪದ ತೋರಿಸಿದ್ರು. ಅದು ಮಡಿಯಾಗೇ ಇತ್ತು, ಮಡಚಿಟ್ಟ ಹಾಗೇ ಉಳೀತು. ಇದು ದುಡೀತು, ಬಾಳ್ತು. ಆರು ಆರಾಗೇ ಇದೆ, ಹತ್ತು ಹತ್ತಾಗೇ ಇದೆ. ಯಾರೂ ತವರು ಬಿಡಲಿಲ್ಲ, ಕೂಡಿದ್ರೆ ಹದಿನಾರು."

ವಾಜಿದಾ ಬೇಗಂ ಎದ್ದು ಬಂದರು. ಮಾರ್ಕರ್ ಕಿತ್ತುಕೊಂಡು ಬೋರ್ಡಿನ ಮೇಲೆ 255 ಎಂದು ಬರೆದು, "ನಿನ್ನ ಲೆಕ್ಕದಾಗ ಹೇಳು" ಅಂದರು.

"ಎಫ್ ಎಫ್."

"ಎಫ್ ಅಂದ್ರ ಹದಿನೈದಲ್ಲೇನು? ಎಡಗಡೀದು ಹದಿನಾರ ಹದಿನೈದ್ಲೆ ಇನ್ನೂರಾ ನಲವತ್ತು, ಮ್ಯಾಲೊಂದು ಹದಿನೈದು..." ತುಟಿಯಲ್ಲೇ ಕೂಡಿಸಿ, ಮಾರ್ಕರಿನ ಮುಚ್ಚಳ ಹಾಕಿದರು.

ಚಂದ್ರಪ್ರಭಾ ಧೈರ್ಯ ಮಾಡಿದಳು. "ಆಂಟಿ, ನಮ್ಮ ಟೀಚರ್ ಪಾಸಾ?"

"ಏನು ಕೇಳ್ತೀಯವ್ವಾ? ನನ್ನ ಸೊಸಿ ಆಕಿ. ಲೆಕ್ಕದಾಗ ಫೇಲ್ ಹ್ಯಾಂಗ ಆಗ್ತಾಳ?"

ಸಂಯುಕ್ತಾ ಬೋರ್ಡಿನ ಕಡೆ ತಿರುಗಿ, ಏನೂ ಬರೆದಿರದ ಮೂಲೆಯೊಂದನ್ನು ಬಹಳ ಹೊತ್ತು ಒರೆಸಿದಳು.