ಹಳದಿಯಾದ ಬೇಣ

ನನ್ನ ಹೆಂಡತಿಯನ್ನು ಮನೆಯ ಹಿಂದಿನ ಬೇಣದಲ್ಲಿ ಸುಡಲು ಆಗಲಿಲ್ಲ. ಅದನ್ನು ಬರೆದಿಡಬೇಕು ಅನ್ನಿಸಿದೆ.

ನಮ್ಮೂರು ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯಲ್ಲಿದೆ. ಇಲ್ಲಿ ಸ್ವಂತ ಜಮೀನಿದ್ದವರು ತಮ್ಮವರನ್ನು ಅಲ್ಲೇ ಒಂದು ಮೂಲೆಯಲ್ಲಿ ಸುಡುವುದು ರೂಢಿ. ನಮ್ಮದು ಬೇಣದ ಪಶ್ಚಿಮದ ಮೂಲೆ. ಬೇಣವೆಂದರೆ ಹುಲ್ಲು ಬಿಟ್ಟರೆ ಏನೂ ಬೆಳೆಯದ ಜಾಗ. ಅಪ್ಪ, ಅಮ್ಮ ಇಬ್ಬರನ್ನೂ ಅಲ್ಲೇ ಸುಟ್ಟಿದ್ದು. ನಮ್ಮ ಒಂದೇ ಮಗು, ಹೆಸರಿಡುವ ಮೊದಲೇ ತೀರಿಕೊಂಡವನು, ಅಲ್ಲೇ ಮಣ್ಣಿನಲ್ಲಿದ್ದಾನೆ. ಶಿಶುಗಳನ್ನು ಸುಡುವುದಿಲ್ಲ, ಹೂಳುತ್ತಾರೆ.

"ನನ್ನನ್ನೂ ಅಲ್ಲಿಗೇ ತಗಂಡು ಹೋಗಿ. ಅಂವ ಒಬ್ನೇ ಇದಾನೆ" ಎಂದು ಅವಳು ಅಕ್ಕಿ ಆರಿಸುತ್ತಲೋ ಬಟ್ಟೆ ಒಣಗಿಸುತ್ತಲೋ ಹೇಳುತ್ತಿದ್ದಳು.

ಪೇಟೆ ಬೆಳೆದು ನಮ್ಮೂರು ಹೊಸ ಮಾಸ್ಟರ್ ಪ್ಲಾನಿನೊಳಗೆ ಬಂತು. ಪಕ್ಕದ ಗದ್ದೆ ಲೇಔಟ್ ಆಯಿತು. ಕರಡು ನಕ್ಷೆಯನ್ನು ಕಚೇರಿಯಲ್ಲಿ ನೋಡಬಹುದೆಂದು ತಿಳಿದು ಅವಳೇ ನನ್ನನ್ನು ಎಳೆದುಕೊಂಡು ಹೋದಳು. ನಮ್ಮ ಬೇಣ ಹಳದಿಯಾಗಿತ್ತು.

"ಹಳದಿ ಅಂದ್ರೆ ಎಂತ?" ಎಂದು ಗುಮಾಸ್ತನನ್ನು ಕೇಳಿದಳು.

"ಮನೆ ಕಟ್ಟೋ ಜಾಗ ಅಮ್ಮಾ. ವಸತಿ ವಲಯ."

"ಅಲ್ಲಿ ನಮ್ಮ ಸುಡೋ ಜಾಗ ಇದ್ಯಲ್ಲ?"

"ಇನ್ಮೇಲೆ ಅದೆಲ್ಲ ಪೇಟೆ ಸ್ಮಶಾನದಲ್ಲೇ. ಅದಕ್ಕೆ ಬೇರೆ ಬಣ್ಣ."

"ಹಂಗಾರೆ ಹಳದಿಲಿ ಬದುಕಬಹುದು, ಸತ್ರೆ ಬಣ್ಣ ಬದ್ಲಿಸ್ಕಬೇಕು ಅನ್ನಿ."

ಅವನು ನಕ್ಕುಬಿಟ್ಟ. ಆಕ್ಷೇಪಣೆ ಬರೆದುಕೊಡಿ ಎಂದ. ಕೊಟ್ಟೆವು. ಕರೆದು ಕೇಳಿದರು ಕೂಡ, ಕುರ್ಚಿ ಕೊಟ್ಟು. ಅಂತಿಮ ನಕ್ಷೆ ಬಂದಾಗ ಹಳದಿ ಹಳದಿಯಾಗಿಯೇ ಇತ್ತು.

ಈ ಸಲದ ಮಳೆಗಾಲ ಮುಗಿಯುವಾಗ ಅವಳು ಹೋದಳು. ಬೇಣದಲ್ಲಿ ಸೌದೆ ಒಟ್ಟುತ್ತಿದ್ದೆವು. ಲೇಔಟಿನಿಂದ ನಾಲ್ಕಾರು ಜನ ಬಂದರು. ಮುಂದಿದ್ದವರು ನಿವೃತ್ತ ಮೇಷ್ಟ್ರು, ಬೇಲಿಯಾಚೆಯ ಮನೆಯವರು. ಚಪ್ಪಲಿ ಬಿಟ್ಟು, ಅಂಗಳದಲ್ಲಿದ್ದ ಹೆಣಕ್ಕೆ ಕೈಮುಗಿದು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ತಪ್ಪು ತಿಳ್ಕೋಬೇಡಿ. ಇದು ವಸತಿ ವಲಯ. ಮನೇಲಿ ಮೊಮ್ಮಕ್ಳಿದಾವೆ, ಹೆದರ್ತಾವೆ."

"ಅಕ್ಕ ದಿನಾ ಅದೇ ಮಕ್ಳನ್ನ ಮಾತಾಡಿಸ್ತಿದ್ಲು ಮೇಷ್ಟ್ರೇ. ಇವತ್ತು ಹೆದರಿಕೆ ಶುರುವಾಯ್ತಾ?" ಎಂದ ಅವಳ ತಮ್ಮ. ತೀರ್ಥಹಳ್ಳಿಯಿಂದ ಬೆಳಿಗ್ಗೆಯಷ್ಟೇ ಬಂದಿದ್ದ.

"ಸೈಟ್ ತಗಳುವಾಗ ನಮಗಿದನ್ನ ಯಾರೂ ಹೇಳ್ಲಿಲ್ಲ. ಪೊಲೀಸ್ರನ್ನ ಕರೆಯೋಕೆ ನನಗೂ ಮನಸಿಲ್ಲ."

ಅವಳನ್ನು ಅಂಗಳದಲ್ಲಿ ಮಲಗಿಸಿಕೊಂಡು ಜಗಳವಾಡುವ ಶಕ್ತಿ ನನಗಿರಲಿಲ್ಲ. ಒಟ್ಟಿದ್ದ ಸೌದೆಯನ್ನು ಕೆಡವಿ, ಪಿಕಪ್ಪಿಗೆ ತುಂಬಿ, ಅವಳನ್ನು ಪೇಟೆ ಸ್ಮಶಾನಕ್ಕೆ ಒಯ್ದೆವು. ಅಲ್ಲಿ ಸಿಮೆಂಟಿನ ಕಟ್ಟೆ, ತಗಡಿನ ಮಾಡು, ನಲ್ಲಿ ನೀರು, ಎಲ್ಲ ಚೊಕ್ಕವಾಗಿತ್ತು. ಅವಳವರು ಯಾರೂ ಅಲ್ಲಿನ ಮಣ್ಣಿನಲ್ಲಿರಲಿಲ್ಲ, ಅಷ್ಟೇ.

ಅವಳ ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಮೇಷ್ಟ್ರೂ ಬಂದರು. ಕರೆದದ್ದು ನಾನೇ. ನೆರೆಯವರನ್ನು ಬಿಡುವ ಹಾಗಿಲ್ಲ. ಪಾಯಸ ಎರಡು ಸಲ ಹಾಕಿಸಿಕೊಂಡರು. ಕೈ ತೊಳೆದು, ಹಿತ್ತಲ ಬಾಗಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಕೇಳಿದರು.

"ಆ ಮೂಲೇಲಿ ಹಳೇದು ಏನಾದ್ರೂ ಇದ್ಯಾ? ಹೂತಿದ್ದು ಗೀತಿದ್ದು? ಇದ್ರೆ ಒಂದು ಶಾಂತಿ ಮಾಡ್ಸಿ ತೆಗೆಸಿಬಿಡಬಹುದು."

"ಎಂತದೂ ಇಲ್ಲ" ಎಂದೆ.

"ಒಳ್ಳೇದಾಯ್ತು" ಎಂದು ಎಲೆಅಡಿಕೆ ತೆಗೆದುಕೊಂಡು ಹೋದರು.

ಈಗ ಮಗನ ಹತ್ತಿರ ಹೋಗುವಾಗ ಕೈಯಲ್ಲಿ ಕತ್ತಿ ಹಿಡಿದಿರುತ್ತೇನೆ. ಯಾರಾದರೂ ನೋಡಿದರೆ ಹುಲ್ಲು ಕೊಯ್ಯಲು ಬಗ್ಗುತ್ತೇನೆ.