ನಲ್ಲಿ ಬಂದ ಹೊತ್ತು

ಅವರ ಬಲಗೈ ಸದಾ ನಡುಗುತ್ತಿತ್ತು. ಕತ್ತಿ ಹಿಡಿದರೆ ಮಾತ್ರ ನಿಲ್ಲುತ್ತಿತ್ತು. ಮುಂಬಯಿಯ ಬೈಕುಲ್ಲಾದ ನಮ್ಮ ಚಾಳಿನ ಕೆಳಗೆ ಕ್ಷೌರದಂಗಡಿ ಇಟ್ಟಿದ್ದ ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಊರು ನಮ್ಮ ವಿಜಯಪುರದ ಕಡೆಯದೇ. ಅಂಗಡಿಯಲ್ಲಿ ಗಡಿಯಾರವಿರಲಿಲ್ಲ. "ಗಡಿಯಾರ ನೋಡ್ಕೋತ ನಿಂತ್ರ ಗಿರಾಕಿ ಕಿವಿ ಹೋಗ್ತದ" ಎನ್ನುತ್ತಿದ್ದರು. ಅವರದೊಂದು ಹಟ: ಸೂತಕದ ತಲೆಗೆ ಹಿಡಿದಿಟ್ಟ ನೀರು ಮುಟ್ಟಿಸರು. ನಲ್ಲಿ ಬಂದಾಗ, ಹರಿಯುವ ನೀರಲ್ಲೇ ನೆನೆಸಬೇಕು.

ಅಪ್ಪ ತೀರಿದ ಹತ್ತನೇ ದಿನಕ್ಕೆ ಊರಿಗೆ ಹೋಗಲು ರಜೆ ಸಿಗದೆ ಇಲ್ಲೇ ಉಳಿದ ಅಣ್ಣ ಕಾಕಾನ ಬಳಿ ತಲೆ, ಮೀಸೆ ತೆಗೆಸಿಕೊಂಡ. ಅಂದೇ ಬೆಳಿಗ್ಗೆ ಒಂಬತ್ತಕ್ಕೆ ಮಾರ್ಕೆಟ್ಟಿನಲ್ಲಿ ಯಾರೋ ಒಬ್ಬನನ್ನು ಚುಚ್ಚಿ ಕೊಂದರು. ಕೊಂದವನಿಗೆ ದಪ್ಪ ಮೀಸೆಯಿತ್ತು ಎಂದ, ಕಣ್ಣಾರೆ ಕಂಡ ಅಲ್ಲಿನ ಅಂಗಡಿಯವನು. ಎರಡು ತಿಂಗಳಾಗಿ ಅಣ್ಣನ ಮೀಸೆ ಮತ್ತೆ ಬೆಳೆದ ಮೇಲೆ, ಅನುಮಾನದ ಮೇಲೆ ಪೊಲೀಸರು ಅವನನ್ನು ಹಿಡಿದು ನಿಲ್ಲಿಸಿದ ಗುರುತಿನ ಪರೇಡಿನಲ್ಲಿ ಆ ಅಂಗಡಿಯವನು ಅವನತ್ತ ಬೆರಳು ಮಾಡಿದ. ಕೊಂದ ಮೇಲೆ ಗುರುತು ಮುಚ್ಚಲು ಬೋಳಿಸಿಕೊಂಡಿದ್ದಾನೆ ಎಂದರು ಪೊಲೀಸರು. ಅಲ್ಲಿಗೆ ಅಣ್ಣನ ಜೀವ ಬೋಳಿಸಿದ ಹೊತ್ತಿನ ಮೇಲೆ ನಿಂತಿತು.

ನಾನು ಕಾಕಾನ ಕಾಲು ಹಿಡಿದೆ. "ಆರೂವರೆ ಅಂತ ಹೇಳ್ರಿ ಕಾಕಾ, ಒಂದ ಮಾತು."

"ನೋಡದ ಗಡಿಯಾರ ನೋಡೀನಿ ಅಂತ ಹ್ಯಾಂಗ ಹೇಳ್ಲೆವ್ವಾ? ನಲ್ಲಿ ಬಂದಿತ್ತು. ಅಷ್ಟ ಗೊತ್ತು, ಅಷ್ಟ ಹೇಳ್ತೀನಿ."

ಕಟಕಟೆಯಲ್ಲೂ ಅಷ್ಟೇ ಹೇಳಿದರು. ಕತ್ತಿಯಿಲ್ಲದ ಕೈ ನಡುಗಿತು. ಹೊತ್ತು ಹೇಳಲಾರದ ಸಾಕ್ಷಿಯನ್ನು ನಂಬಲಾಗದೆಂದು ಅಣ್ಣನಿಗೆ ಜೀವಾವಧಿಯಾಯಿತು. ಇವರ ಸತ್ಯಕ್ಕಿಷ್ಟು ಬೆಂಕಿ ಹಾಕ ಎಂದು ಹಲ್ಲು ಕಡಿದೆ. ಆಮೇಲೆ ಅಂಗಡಿಯ ಮುಂದೆ ಹಾಯುವಾಗಲೆಲ್ಲ ಕಾಕಾ, "ಹೈಕೋರ್ಟಿಂದ ಏನರ ಬಂತೇನವ್ವಾ?" ಎಂದು ಕೇಳುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ. ಹೀಗೆ ಕೇಳುತ್ತಲೇ ಒಂದು ದಿನ ತೀರಿಕೊಂಡರು.

ಮೇಲ್ಮನವಿಯ ದಿನ ಜೀವ ಅಂಗೈಯಲ್ಲಿ ಹಿಡಿದು ಕೂತಿದ್ದೆ. ಅಲ್ಲಿ ಹೊಸ ಸಾಕ್ಷಿಯಿಲ್ಲ, ಹಳೆಯ ಕಾಗದವನ್ನೇ ಮತ್ತೆ ಓದುತ್ತಾರೆ. ನ್ಯಾಯಮೂರ್ತಿಗಳು ಒಂದು ಪುಟದಲ್ಲಿ ನಿಂತರು. ಆ ಗಲ್ಲಿಗೆ ದಿನಕ್ಕೊಮ್ಮೆ ಬರುವ ನೀರು ಬೆಳಿಗ್ಗೆ ಏಳಕ್ಕೇ ನಿಲ್ಲುತ್ತದೆಂದು ತನಿಖೆ ಮಾಡಿದ ಪೊಲೀಸರೇ ಒಪ್ಪಿದ್ದ ಮಾತು ಅಲ್ಲಿತ್ತು. ಅದನ್ನು ಕಾಕಾನ ಮಾತಿಗೆ ಯಾರೂ ಜೋಡಿಸಿ ನೋಡಿರಲಿಲ್ಲ: ಏಳರೊಳಗೆ ಮೀಸೆ ತೆಗೆಸಿದವನು ಒಂಬತ್ತಕ್ಕೆ ದಪ್ಪ ಮೀಸೆಯವನಾಗಲಾರ. "ಹೇಳಿಕೊಟ್ಟ ಸಾಕ್ಷಿಯಾಗಿದ್ದರೆ ಗಂಟೆ ಹೇಳುತ್ತಿದ್ದ" ಎಂದರು. ನಾನು ತಲೆ ತಗ್ಗಿಸಿದೆ. ಹೇಳಿಕೊಡಲು ಹೋದವಳು ನಾನೇ.

ಬಿಡುಗಡೆಯಾದ ಮರುದಿನ, ಬೆಳಿಗ್ಗೆ ನಲ್ಲಿ ಬಂದೊಡನೆ, ಅಣ್ಣ ಹೋಗಿ ಕಾಕಾನ ಕುರ್ಚಿಯಲ್ಲಿ ಕೂತ. ಅಂಗಡಿ ಈಗ ಅವರ ಮಗನದು. "ತಲಿ, ಮೀಸಿ ಎರಡೂ ತಗಿ" ಎಂದ.

"ಯಾರು ಹೋದ್ರಪಾ?" ಮಗ ಗಾಬರಿಯಾದ.

"ನಿಮ್ಮಪ್ಪ. ಆಗ ನಾ ಜೈಲಿನಾಗಿದ್ದೆ."

ನಾನು ನಲ್ಲಿಗೆ ತಂಬಿಗೆ ಹಿಡಿದೆ. ಅವತ್ತು ನಡುಗಿದ್ದು ನನ್ನ ಕೈ.