ಮಾಮನ ಕೂದಲಿಗೆ ಸಿಕ್ಕಿಸಿದ ಪೆನ್ಸಿಲ್

ಮೊನ್ನೆ ಅಕ್ಕನ ಮಗಳಿಗೆ ಪೆನ್ಸಿಲ್ ಹೆರೆದು ಕೊಡುತ್ತಿದ್ದೆ. ಆ ಮರದ ವಾಸನೆಗೆ ಕುವೈತಿನ ಮಂಗಫ್‌ನ ಸ್ಟೋರ್‌ರೂಮು ನೆನಪಾಯಿತು, ಅಲ್ಲಿ ಕುಳಿತಿರುತ್ತಿದ್ದ ಮಾಮನೂ...

ಮಾಮ ಅಂದರೆ ನೆಂಟರಲ್ಲ, ಅಲ್ಲಿ ನಮ್ಮ ಕಂಪನಿಯ ಸ್ಟೋರ್‌ಕೀಪರ್. ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಅಮ್ಮ ನಮ್ಮ ಕರಾವಳಿಯವರು, ಅಪ್ಪ ಅಲ್ಲಿಯ ಬಿಳಿ-ಕಪ್ಪು ಬೆರೆತ ಮನೆಯವರು. ಬಣ್ಣ ನೋಡಿ ಜನರನ್ನು ಬೇರೆ ಬೇರೆ ಇಡುವ ಕಾನೂನಿನ ವಿರುದ್ಧ ಕರಪತ್ರ ಹಂಚಿ, ಎರಡು ಸಲ ಜೈಲು ಕಂಡು, ಗಡಿ ದಾಟಿ ಬಂದವರು. ಅವರ ಅಜ್ಜಿ ಕಾಲದ ಕನ್ನಡವನ್ನು ಅಣಕಿಸಿ ರೂಮಿನವರನ್ನು ನಗಿಸುವುದು ನನ್ನ ಕೆಲಸ. ನನಗೆ ಸರಿಯಾಗಿ ಬರುತ್ತಿದ್ದ ಕೆಲಸವೂ ಅದೊಂದೇ.

ಒಂದು ದಿನ ಅವರ ಗುಂಗುರು ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, "ಬೀಳುವುದೇ ಇಲ್ಲ ಮಾರಾಯ್ರೆ!" ಎಂದೆ. ಎಲ್ಲರೂ ನಕ್ಕರು. ಮಾಮ ಅದನ್ನು ತೆಗೆದು ಕಿಸೆಗಿಟ್ಟರು.

"ನಮ್ಮಲ್ಲಿ ಆಫೀಸರುಗಳು ಹೀಗೇ ಮಾಡುವುದು. ಬಿದ್ದರೆ ಬಿಳಿಯ, ಬೀಳದಿದ್ದರೆ ಅಲ್ಲ. ನನ್ನ ಅಕ್ಕನದ್ದು ಬಿತ್ತು. ಬಿಳಿಯಳೆಂದು ಬರೆಸಿಕೊಂಡು ಹೋದಳು. ಅಮ್ಮ ಸತ್ತಾಗಲೂ ಬರಲಿಲ್ಲ... ಬಂದರೆ ಯಾರ ಮಗಳೆಂದು ಗೊತ್ತಾಗ್ತದಲ್ಲ."

ಆ ವರ್ಷ, ತೊಂಬತ್ತರಲ್ಲಿ, ಗಡಿ ದಾಟಿ ಹೋಗಿದ್ದ ಅವರ ನಾಡಿನವರು ಮರಳಬಹುದೆಂಬ ಸುದ್ದಿ ಬಂದಿತ್ತು. ಮಾಮ ಪೆಟ್ಟಿಗೆ ಕಟ್ಟಿಟ್ಟು ಕಾಗದಪತ್ರಕ್ಕೆ ಕಾಯುತ್ತಿದ್ದರು. ಆಗಸ್ಟಿನಲ್ಲಿ ಇರಾಕಿ ಸೈನ್ಯ ಬಂತು. ಖಲಾಸ್.

ಅಬ್ಬಾಸಿಯಾದ ಶಾಲೆಯೊಂದರಲ್ಲಿ ಭಾರತೀಯರ ಹೆಸರು ಬರೆದುಕೊಂಡು ಜೋರ್ಡಾನಿಗೆ ಬಸ್ಸು ಹತ್ತಿಸುತ್ತಿದ್ದರು. ಮಾಮನಲ್ಲಿ ಯಾವ ದೇಶದ ಪಾಸ್‌ಪೋರ್ಟೂ ಇರಲಿಲ್ಲ.

"ನೀವು ನನ್ನ ಸೋದರಮಾವ. ಪಾಸ್‌ಪೋರ್ಟ್ ಕೆಲಸ ಕೊಟ್ಟ ಕಫೀಲನ ಹತ್ತಿರ ಉಳಿದಿದೆ ಅಂತ ಹೇಳುವ. ಊರು ಕೇಳಿದರೆ ಮಲ್ಪೆ" ಎಂದೆ. ಎರಡು ದಿನ ಊರಿನ ಮಾತು ಕಲಿಸಿದೆ. ಶಿಷ್ಯ ಗುರುವನ್ನು ಮೀರಿಸಿದ.

ಮೇಜಿನ ಬಳಿ ಪಟ್ಟಿ ಬರೆಯುತ್ತಿದ್ದವನು ನಮ್ಮ ಕರಾವಳಿಯವನೇ; ಅವನ ಪೆನ್ನಿನ ಶಾಯಿ ಮುಗಿಯಿತು. ಮಾಮ ಕಿಸೆಯ ಪೆನ್ಸಿಲ್ ಕೊಟ್ಟರು.

"ಯಾವೂರು ಮಾಮ?" ಅವನು ಕೇಳಿದ.

ಮಾಮ ನನ್ನ ಮುಖ ನೋಡಿದರು. "ಡರ್ಬನ್."

"ಇದು ನಮ್ಮವರ ಪಟ್ಟಿ ಮಾರ್ರೆ!"

"ಗೊತ್ತುಂಟು. ಇನ್ನೊಬ್ಬನಾಗಿ ಬರೆಸಿಕೊಳ್ಳಲಿಕ್ಕೆ ನನ್ನಿಂದ ಆಗುದಿಲ್ಲ." ನನ್ನ ಬೆನ್ನು ತಟ್ಟಿದರು. "ನೀನು ಹೋಗು ಮಗಾ."

ಅವರೊಂದಿಗೆ ಉಳಿಯಬೇಕೆನಿಸಿತು ಎಂದು ಬರೆದರೆ ಚೆಂದ ಕಾಣುತ್ತದೆ. ಸುಳ್ಳು. ಬಸ್ಸು ಹತ್ತಿ ಕಿಟಕಿ ಬದಿಯ ಸೀಟು ಹುಡುಕಿದೆ.

ಯುದ್ಧ ಮುಗಿದ ಮೇಲೆ ಮಂಗಫ್‌ನ ವಿಳಾಸಕ್ಕೆ ಮಾಮನಿಗೆ ಬರೆದ ಎರಡು ಕಾಗದಗಳೂ ಮರಳಿ ಬಂದವು. ಈಗಲೂ ಮದುವೆ ಮನೆಗಳಲ್ಲಿ ಸಿಕ್ಕಿದವರ ದನಿಯನ್ನೆಲ್ಲ ಅಣಕಿಸಿ ತೆಗೆಯುತ್ತೇನೆ. ಹಳೆಯ ರೂಮಿನವರು ಸಿಕ್ಕಿದರೆ ಮಾಮನದ್ದು ಕೇಳುತ್ತಾರೆ. ಮರೆತುಹೋಗಿದೆ ಅನ್ನುತ್ತೇನೆ. ಮರೆತಿಲ್ಲ...

ಹೆರೆದ ಪೆನ್ಸಿಲನ್ನು ಮಗು ತನ್ನ ಜಡೆಗೆ ಸಿಕ್ಕಿಸಿಕೊಂಡಳು. "ತೆಗಿ ಅದನ್ನ!" ಎಂದು ಕೂಗಿಬಿಟ್ಟೆ. ಮಾವ ಯಾರದೋ ದನಿ ತೆಗೆಯುತ್ತಿದ್ದಾನೆಂದು ಅವಳು ನಕ್ಕಳು.